ಕೂಸಿನ ಸೀಟಿನ ಕೆಂಪು ಗುಂಡಿ

ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಸಂಗಮೇಶನದೊಂದು ಅಂಗಡಿ. ಕಾರಿಗೆ ಸೀಟ್ ಕವರು, ಸ್ಟೇರಿಂಗ್ ಕವರು, ಹಿಂದಿನ ಗಾಜಿಗೆ ಬಸವಣ್ಣನ ಸ್ಟಿಕ್ಕರು, ಇಂಥವೆಲ್ಲ ಅಲ್ಲಿ ಸಿಗುತ್ತವೆ. ಜೊತೆಗೆ, ಕೇಳದಿದ್ದರೂ, ಅವನ ಹೆಂಡತಿ ನೀಲಾಂಬಿಕಳ ಉಪದೇಶವೂ ಸಿಗುತ್ತದೆ. ಅಂಗಡಿಗೆ ಬಂದವರ ಸೊಂಟದ ಮೇಲೆ ಕೂಸು ಕಂಡಿತೋ, ಮುಗೀತು.

"ಕೂಸನ್ನ ಮುಂದಿನ ಸೀಟಲ್ಲಿ ತೊಡೆ ಮೇಲೆ ಕೂರಿಸ್ಕೊಂಡು ಬಂದ್ರೇನ್ರೀ?" ಅಂತ ಶುರುಮಾಡುತ್ತಾಳೆ. "ನಲವತ್ತರಲ್ಲಿ ಹೋಗೋ ಕಾರು ಗಕ್ಕಂತ ನಿಂತ್ರೆ ಐದು ಕೆಜಿ ಕೂಸು ನಿಮ್ಮ ಕೈಗೆ ನೂರು ಕೆಜಿ ಆಗುತ್ತೆ. ನೂರು ಕೆಜಿ ಮೂಟೆ ಹಿಡ್ಕೊಳ್ತೀರಾ? ಹಿಂದಿನ ಸೀಟಲ್ಲಿ, ಕೂಸಿನ ಸೀಟು ಹಾಕಿ, ಹಿಂದಕ್ಕೆ ಮುಖ ಮಾಡಿ ಮಲಗಿಸಬೇಕು. ಕೂಸಿನ ಕುತ್ತಿಗೆ ಇನ್ನೂ ಎಳಸು. ಮುಂದಕ್ಕೆ ಮುಖ ಮಾಡಿದ್ರೆ ತಲೆ ಜೋತು ಕುತ್ತಿಗೆ ಉಳಿಯಲ್ಲ."

ಬಂದವರು ಪಾಪ, ತಲೆ ಆಡಿಸುತ್ತಾರೆ. ಒಬ್ಬಿಬ್ಬರು "ಹೌದಲ್ರೀ" ಅಂತಾರೆ. ಕೊನೆಗೆ ಆ ಪ್ರಶ್ನೆ ಬಂದೇ ಬರುತ್ತದೆ: "ನಿಮಗೆಷ್ಟು ಮಕ್ಕಳು?" ಇಲ್ಲ ಅಂದಳೋ, ಅಷ್ಟೊತ್ತು ಕೇಳಿದ ಪಾಠವೆಲ್ಲ ಅಲ್ಲಿಗೆ ರದ್ದು. ಮುಖದ ಮೇಲೆ ಒಂದು ಥರ ಕರುಣೆ ಬರುತ್ತದೆ, ಸೆರಗು ಕೂಸಿನ ತಲೆ ಮೇಲೆ ಬರುತ್ತದೆ, ಕಾಲು ಮೆಟ್ಟಿಲ ಕಡೆ ಹೋಗುತ್ತದೆ. "ಹೆರದವಳಿಗೇನು ಗೊತ್ತು" ಅನ್ನೋದನ್ನ ಮಾತ್ರ ರಸ್ತೆ ದಾಟಿದ ಮೇಲೆ ಹೇಳುತ್ತಾರೆ. ಅಷ್ಟು ಮರ್ಯಾದೆ ನಮ್ಮ ಊರಲ್ಲಿ ಇನ್ನೂ ಉಳಿದಿದೆ.

ಈ ವಿದ್ಯೆ ಅವಳಿಗೆ ಬಂದಿದ್ದು ನಾಲ್ಕು ವರ್ಷದ ಹಿಂದೆ. ದಾವಣಗೆರೆಯಿಂದ ಬಂದ ಸ್ಟೇರಿಂಗ್ ಕವರಿನ ಲೋಡಿನಲ್ಲಿ ತಪ್ಪಿ ಒಂದು ಕೂಸಿನ ಸೀಟು ಬಂತು. ವಾಪಸ್ ಕಳಿಸೋ ಖರ್ಚೇ ಹೆಚ್ಚು, ಇಟ್ಕೊಂಡು ಮಾರಿ ಅಂದರು. ಮಾರೋದು ಯಾರಿಗೆ? ಒಬ್ಬರು ಅದನ್ನ ನೋಡಿ "ಮಕ್ಕಳ ಕಟಿಂಗ್ ಮಾಡೋ ಕುರ್ಚಿನಾ?" ಅಂದರು. ಇನ್ನೊಬ್ಬರು ಗಣಪತಿ ಹಬ್ಬಕ್ಕೆ ಒಂದು ದಿನದ ಮಟ್ಟಿಗೆ ಬಾಡಿಗೆಗೆ ಕೇಳಿದರು, ಮೂರ್ತಿ ತರೋವಾಗ ಸೊಂಡಿಲು ಮುರೀಬಾರದಲ್ಲ! ಕೊಟ್ಟರು. ಗಣಪತಿ ಬೆಲ್ಟು ಹಾಕ್ಕೊಂಡು ಜುಮ್ಮಂತ ಬಂದ. ಅದೇ ಕಾರಲ್ಲಿ ಅವರ ಮೊಮ್ಮಗಳು ಡ್ಯಾಶ್‌ಬೋರ್ಡ್ ಹಿಡಿದು ನಿಂತು ಬಂದಳು.

ಸೀಟು ಅಂಗಡಿಯಲ್ಲೇ ಉಳಿಯಿತು. ಅದರ ಜೊತೆ ಬಂದ ಪುಸ್ತಕವನ್ನು ನೀಲಾಂಬಿಕ ಓದಿದಳು. ಏಳು ಭಾಷೆಯಲ್ಲಿತ್ತು, ಕನ್ನಡ ಬಿಟ್ಟು. ನಿಘಂಟು ಇಟ್ಟುಕೊಂಡು ಓದಿದಳು, ಆಮೇಲೆ ಮೊಬೈಲಲ್ಲಿ ವೀಡಿಯೊ ನೋಡಿದಳು, ಆಮೇಲೆ ಐದು ಕೆಜಿ ಅಕ್ಕಿ ಚೀಲಕ್ಕೆ ಹಳೆ ಸ್ವೆಟರ್ ತೊಡಿಸಿ ಸೀಟಲ್ಲಿ ಮಲಗಿಸಿ ಬೆಲ್ಟ್ ಬಿಗಿದು ಗಂಡನ ಹಳೇ ವ್ಯಾನಿನಲ್ಲಿ ಕೂರಿಸಿದಳು. ವಾರಗಟ್ಟಲೆ ಆ ಅಕ್ಕಿ ಚೀಲ ಊರು ಸುತ್ತಿತು. ಅದರಷ್ಟು ಸುರಕ್ಷಿತವಾಗಿ ಶಿಕಾರಿಪುರದಲ್ಲಿ ಇವತ್ತಿನವರೆಗೆ ಯಾರೂ ಓಡಾಡಿಲ್ಲ. ಮದುವೆಯಾಗಿ ಹದಿನೇಳು ವರ್ಷ, ನೋಡಿದ ಡಾಕ್ಟರುಗಳು ಐದು, ಕಟ್ಟಿದ ಹರಕೆಗಳಿಗೆ ಲೆಕ್ಕವಿಲ್ಲ. ಹೆಂಡತಿ ಅಕ್ಕಿ ಚೀಲಕ್ಕೆ ಸ್ವೆಟರ್ ತೊಡಿಸೋದನ್ನ ನೋಡಿ ಸಂಗಮೇಶನಿಗೆ ಹೇಳೋಕೆ ಏನಿತ್ತು? ಸುಮ್ಮನೆ ವ್ಯಾನನ್ನು ಹಂಪಿನ ಮೇಲೆ ನಿಧಾನ ಇಳಿಸುತ್ತಿದ್ದ.

ಇಂಥ ಪಂಡಿತೆಯ ಮನೆ ಪಕ್ಕದಲ್ಲೇ ಒಂದು ಕೂಸು ಹುಟ್ಟಿದರೆ ಏನಾಗಬೇಡ?

ಪಕ್ಕದ ಮನೆ ಸಂಗಮೇಶನ ಅಣ್ಣ ಶಾಂತವೀರಪ್ಪನದು, ಮೆಕ್ಕೆಜೋಳದ ವ್ಯಾಪಾರ. ಅವನ ಹೆಂಡತಿ ಗುರುಶಾಂತಮ್ಮ. ಮಗಳು ಧನ್ಯಾಳನ್ನು ಸೊರಬದ ಯತೀಶನಿಗೆ ಕೊಟ್ಟಿತ್ತು. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳಿಗೆ ಹೆಣ್ಣು ಕೂಸಾಯಿತು. ನೀಲಾಂಬಿಕ ಮಾರದೆ ಉಳಿದಿದ್ದ ಸೀಟನ್ನು ಬಿಚ್ಚಿ ತೊಳೆದು, ಒಣಗಿಸಿ, ಕೂಸಿಗೆ ಉಡುಗೊರೆ ಅಂತ ಕೊಟ್ಟಳು. ಎಲ್ಲರೂ "ಎಷ್ಟು ಚೆನ್ನಾಗಿದೆ" ಅಂದರು, ಮತ್ತೆ ಅದರಲ್ಲಿ ಒಣಗಿದ ಬಟ್ಟೆ ಮಡಿಸಿ ಇಟ್ಟರು.

ಇರಲಿ. ಅವಳಿಗೆ ನೋವಾಗಿದ್ದು ಅದಕ್ಕಲ್ಲ. ತೊಟ್ಟಿಲಿಗೆ ಹಾಕುವ ದಿನ ಮುತ್ತೈದೆಯರೆಲ್ಲ ಸುತ್ತ ನಿಂತು ಕೂಸನ್ನು ಒಬ್ಬರ ಕೈಯಿಂದ ಒಬ್ಬರಿಗೆ ತೊಟ್ಟಿಲ ಕೆಳಗಿಂದ ದಾಟಿಸುವಾಗ, ಇನ್ನೇನು ತನ್ನ ಸರದಿ ಬಂತು ಅಂತ ಇವಳು ಕೈ ಚಾಚಿದ್ದಳು. ಗುರುಶಾಂತಮ್ಮ ತುಂಬ ಪ್ರೀತಿಯಿಂದ "ನೀಲಾ, ಒಲೆ ಮೇಲೆ ಹಾಲಿಟ್ಟಿದ್ದೆ, ಉಕ್ಕುತ್ತೇನೋ, ಚೂರು ನೋಡ್ಕೊಂಡು ಬಾರೆ" ಅಂದಳು. ನೀಲಾಂಬಿಕ ಅಡುಗೆಮನೆಗೆ ಓಡಿದಳು. ಒಲೆ ಮೇಲೆ ಹಾಲೇ ಇರಲಿಲ್ಲ. ಪಾತ್ರೆಯೂ ಇರಲಿಲ್ಲ. ತಣ್ಣಗಿನ ಒಲೆ ಮುಂದೆ ಅವಳು ಹಾಡು ಮುಗಿಯುವ ತನಕ ನಿಂತಿದ್ದಳು. ಆಮೇಲೆ ಬಂದು "ಹಾಲು ಉಕ್ಕಲಿಲ್ಲ ಅಕ್ಕಾ" ಅಂದಳು.

ಅವತ್ತಿಂದ ಮೂರು ತಿಂಗಳು. ಕೂಸು ನಿದ್ದೆಯಲ್ಲಿದೆ, ಕೂಸಿಗೆ ಈಗಷ್ಟೇ ಎಣ್ಣೆ ಹಚ್ಚಿದೆ, ಕೂಸು ಹೊಸಬರನ್ನ ಕಂಡ್ರೆ ಅಳುತ್ತೆ. ಗೋಡೆಯಾಚೆಯವಳು ಹೊಸಬಳು! ಹೀಗೆ ದಿನಕ್ಕೊಂದು ನೆಪದಲ್ಲಿ ನೀಲಾಂಬಿಕ ಆ ಕೂಸನ್ನು ಒಂದು ಸಲವೂ ಎತ್ತಿಕೊಂಡಿರಲಿಲ್ಲ. ಅವಳಿಗೆ ಬೇಕಿದ್ದದ್ದು ಎರಡೇ. ಕೂಸು ಸೊರಬಕ್ಕೆ ಹೋಗುವಾಗ ಸೀಟಲ್ಲಿ ನೆಟ್ಟಗೆ ಹೋಗಬೇಕು. ಹೋಗುವ ಮುಂಚೆ ಒಂದು ಸಲ ಅದನ್ನ ಎತ್ತಿಕೊಳ್ಳಬೇಕು. ಮೊದಲನೆಯದನ್ನ ಬಾಯಿಬಿಟ್ಟು ಕೇಳಬಹುದಿತ್ತು. ಎರಡನೆಯದನ್ನ ಕೇಳುವ ಧೈರ್ಯ ಇರಲಿಲ್ಲ.

ಬಾಣಂತಿಯನ್ನು ಗಂಡನ ಮನೆಗೆ ಕಳಿಸುವ ಗುರುವಾರ ಬಂತು. ಮಧ್ಯಾಹ್ನ ಒಂದೂವರೆಗೆ ರಾಹುಕಾಲ, ಅಷ್ಟರೊಳಗೆ ಸೊರಬದ ಮನೆಯ ಹೊಸ್ತಿಲು ದಾಟಬೇಕು. ಯತೀಶ ಬೆಳಿಗ್ಗೆಯೇ ಸಣ್ಣ ಕಾರು ತಂದಿದ್ದ, ಜೊತೆಗೆ ಅವನ ತಾಯಿ ಸರ್ವಮಂಗಳಮ್ಮ. ಎತ್ತರದ ಹೆಂಗಸು, ಮಾತು ಕಡಿಮೆ, ಆಡಿದ ಮಾತು ಪಂಚಾಯ್ತಿ ತೀರ್ಮಾನ ಇದ್ದಂಗೆ. ಮನೆಯಲ್ಲಿ ಎರಡು ಎಮ್ಮೆ, ಎರಡು ಹೊತ್ತೂ ತಾವೇ ಕರೆಯುತ್ತಾರೆ. ಅವತ್ತು ಬೀಗರ ಮನೆಗೆ ಕಳಿಸೋ ಚಕ್ಕುಲಿ ಡಬ್ಬದ ಮುಚ್ಚಳ ಕಚ್ಚಿಕೊಂಡು ಕೂತಿತ್ತು. ಸಂಗಮೇಶ ಸ್ಕ್ರೂಡ್ರೈವರ್ ಹಾಕಿ ತಿಣುಕುತ್ತಿದ್ದ. ಸರ್ವಮಂಗಳಮ್ಮ "ಕೊಡಿ ಇತ್ಲಾಗೆ" ಅಂತ ಇಸಿದುಕೊಂಡು ಹೆಬ್ಬೆರಳು ಕೊಟ್ಟು ಒಂದು ಸಲ ಎತ್ತಿದರು. ಟಕ್ ಅಂತ ಬಂತು. ಸಂಗಮೇಶ ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡು ಅಂಗಡಿ ಬಾಗಿಲು ತೆಗೆಯಬೇಕು ಅಂತ ಹೊರಟೇ ಹೋದ.

ಕಾರಲ್ಲಿ ಯಾರ್ಯಾರು ಎಲ್ಲೆಲ್ಲಿ ಅನ್ನೋದು ಮೊದಲೇ ತೀರ್ಮಾನವಾಗಿತ್ತು. ಯತೀಶ ಡ್ರೈವಿಂಗು. ಪಕ್ಕದಲ್ಲಿ ಸರ್ವಮಂಗಳಮ್ಮ, ಅವರ ತೊಡೆ ಮೇಲೆ ಕೂಸು. ಹಿಂದೆ ಧನ್ಯಾ, ಬಿಟ್ಟುಬರಲು ಗುರುಶಾಂತಮ್ಮ, ಜೊತೆಗೆ ನೀಲಾಂಬಿಕ. ಬಾಣಂತಿ ಬಿಟ್ಟುಬರೋಕೆ ತವರಿನ ಕಡೆಯಿಂದ ಇಬ್ಬರು ಹೋಗೋದು ಪದ್ಧತಿ. ಮಕ್ಕಳಿಲ್ಲದಿದ್ದರೂ ಲೆಕ್ಕಕ್ಕೆ ತಲೆ ತಲೆಯೇ.

ನೀಲಾಂಬಿಕ ಸೀಟಿನೊಳಗಿದ್ದ ಬಟ್ಟೆ ತೆಗೆದು ಮಂಚದ ಮೇಲೆ ಹಾಕಿ, ಸೀಟನ್ನು ಹೊತ್ತುಕೊಂಡು ಬಂದು ಕಾರಿನ ಹಿಂಬದಿ ಬಾಗಿಲು ತೆಗೆದಳು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಮಂಡಿ ಊರಿ ಕಾರಿನ ಬೆಲ್ಟನ್ನು ಸೀಟಿನ ಹಿಂದಿನಿಂದ ದಾಟಿಸಿ ಬಿಗಿದಳು. ಹಿಡಿದು ಅಲ್ಲಾಡಿಸಿದಳು, ಸೀಟು ಅಲ್ಲಾಡಲಿಲ್ಲ, ಕಾರೇ ಅಲ್ಲಾಡಿತು.

"ಚಿಕ್ಕಮ್ಮ ಹೇಳ್ತಿರ್ತಾರೆ, ಅದರಲ್ಲೇ ಒಳ್ಳೇದಂತೆ" ಅಂದಳು ಧನ್ಯಾ, ಅತ್ತೆಯ ಮುಖ ನೋಡದೆ. ಯತೀಶನೂ "ಪೊಲೀಸರೂ ಹಿಡೀತಾರೆ ಈಗ" ಅಂತ ಗೊಣಗಿದ. ಶಿರಾಳಕೊಪ್ಪ ರಸ್ತೆಯಲ್ಲಿ ಕೂಸಿನ ಸೀಟು ಇಲ್ಲ ಅಂತ ಯಾವ ಪೊಲೀಸ್ ಯಾರನ್ನ ಹಿಡಿದಿದ್ದ? ಆದರೂ ಅಳಿಯ ಆಡಿದ ಮಾತು. ಗುರುಶಾಂತಮ್ಮ ಪಕ್ಕಕ್ಕೆ ಸರಿದಳು.

ಸರ್ವಮಂಗಳಮ್ಮ ಬಗ್ಗಿ ನೋಡಿದರು. "ಎಂತದಿದು, ಹಿಂದು ಮುಂದಾಗಿ ಕಟ್ಟಿದೀರಿ?"

"ಹಂಗೇ ಕಟ್ಟೋದು ಅಕ್ಕಾರೇ. ಎಳೆ ಕೂಸಿನ ಮುಖ ಹಿಂದಕ್ಕಿರಬೇಕು."

"ತಿರುಗಿಸಿ."

"ಅಲ್ಲ ಅಕ್ಕಾರೇ, ಬ್ರೇಕ್ ಹಾಕಿದ್ರೆ ಕೂಸಿನ ಕುತ್ತಿಗೆ..."

"ಬ್ರೇಕಿನ ಮಾತು ಆಮೇಲೆ. ಮನೆ ಬಿಟ್ಟು ಹೊರಟವರು ಹಿಂದೆ ತಿರುಗಿ ನೋಡೂದುಂಟೇನ್ರೀ? ನನ್ನ ಮೊಮ್ಮಗಳು ಮೊದಲನೇ ಸಲ ತನ್ನ ಮನೆಗೆ ಬರ್ತಿದಾಳೆ. ಶಿಕಾರಿಪುರದಿಂದ ಸೊರಬದವರೆಗೆ ಹಿಂದೆ ನೋಡ್ಕೊಂಡೇ ಬರಬೇಕಾ? ಅಪಶಕುನ ಅಲ್ದಾ?"

ಅಯ್ಯೋ ಶಿವನೇ! ಏಳು ಭಾಷೆಯ ಪುಸ್ತಕದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಅದನ್ನ ಬರೆದವರ ದೇಶದಲ್ಲಿ ಹೊರಟವರು ಹಿಂದೆ ನೋಡಿದರೆ ಏನೂ ಆಗೋದಿಲ್ಲವೇನೋ. ಗುರುಶಾಂತಮ್ಮ "ಹೌದಲ್ಲ, ನನಗೆ ಹೊಳೀಲೇ ಇಲ್ಲ ನೋಡಿ" ಅಂತ ಬೆಲ್ಟಿಗೆ ಕೈ ಹಾಕಿದಳು. ತಿರುಗಿಸಿ ಮುಂದಕ್ಕೆ ಮುಖ ಮಾಡಿಬಿಟ್ಟರೆ ಸೀಟು ಇದ್ದೂ ಇಲ್ಲದ ಹಾಗೆ. ಮೂರು ತಿಂಗಳ ಕುತ್ತಿಗೆ, ನಲವತ್ತು ಕಿಲೋಮೀಟರು, ಲೆಕ್ಕವಿಲ್ಲದಷ್ಟು ಹಂಪು, ರಸ್ತೆ ತುಂಬ ಜೋಳದ ಟ್ರ್ಯಾಕ್ಟರು.

ಶಾಸ್ತ್ರ ಹೇಳಿದವರಿಗೆ ಭೌತಶಾಸ್ತ್ರ ಹೇಳಿದರೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಅಂಗಡಿಯಲ್ಲಿ ನಾಲ್ಕು ವರ್ಷ ಕಿನ್ನರಿ ಬಾರಿಸಿದ್ದವಳು ಅವಳು. ಆದ್ದರಿಂದ ಕಿನ್ನರಿ ಕೆಳಗಿಟ್ಟಳು.

"ತಿರುಗಿಸಬಹುದು ಅಕ್ಕಾರೇ, ನಂದೇನಿಲ್ಲ. ಆದ್ರೆ ಮುಂದಕ್ಕೆ ಮುಖ ಮಾಡಿದ್ರೆ ದಾರೀಲಿ ಎದುರಿಗೆ ಬರೋರ ಕಣ್ಣೆಲ್ಲ ನೆಟ್ಟಗೆ ಕೂಸಿನ ಮುಖಕ್ಕೇ ಬೀಳುತ್ತೆ. ಶಿರಾಳಕೊಪ್ಪದಲ್ಲಿ ಜನವೋ ಜನ. ಯಾರ ಕಣ್ಣು ಹೆಂಗಿರುತ್ತೋ." ಸ್ವಲ್ಪ ತಡೆದಳು. "ನನ್ನಂಥವರ ಕಣ್ಣೂ ಬಿದ್ದೀತು. ಹಿಂದಕ್ಕಿದ್ರೆ ಅದಕ್ಕೆ ಸೀಟಿನ ಬೆನ್ನು ಬಿಟ್ಟು ಏನೂ ಕಾಣಲ್ಲ, ಅದೂ ಯಾರಿಗೂ ಕಾಣಲ್ಲ."

ಗುರುಶಾಂತಮ್ಮ ಬೆಲ್ಟಿನಿಂದ ಕೈ ತೆಗೆದು ಕಾರಿನ ಚಕ್ರದ ಕೆಳಗಿಟ್ಟಿದ್ದ ನಿಂಬೆಹಣ್ಣನ್ನು ನೋಡತೊಡಗಿದಳು. ಮೂರು ತಿಂಗಳು ಎಲ್ಲರೂ ಒಳಗೊಳಗೇ ಅಂದುಕೊಂಡಿದ್ದನ್ನು ಆ ಹೆಂಗಸೇ ಬಾಯಿಬಿಟ್ಟು ಹೇಳಿದರೆ ಮರ್ಯಾದಸ್ಥರು ಏನು ಮಾಡಬೇಕು? ಸರ್ವಮಂಗಳಮ್ಮ ಅವಳ ಮುಖವನ್ನೇ ಒಂದು ಗಳಿಗೆ ನೋಡಿದರು. ಹಿಂದೆ ನೋಡೋದು ದೊಡ್ಡ ಅಪಶಕುನವೋ, ದೃಷ್ಟಿ ದೊಡ್ಡದೋ ಅಂತ ತೂಗಿರಬೇಕು.

"ಇರಲಿ ಬಿಡಿ. ಹಂಗೇ ಇರಲಿ" ಅಂದರು.

ಗೆದ್ದಳು ನೀಲಾಂಬಿಕ. ತನ್ನ ಬಾಯಿಂದ ತನ್ನನ್ನೇ ಬೈದುಕೊಂಡು ಗೆದ್ದಳು. ಅಳುತ್ತ ಕೂರೋಕೆ ಪುರುಸೊತ್ತಿಲ್ಲ. ಕೂಸನ್ನು ಕುಲಾವಿ ಹಾಕಿ, ಅಜ್ಜಿ ಹೊಲಿದ ದಪ್ಪ ಕೌದಿಯಲ್ಲಿ ಸುತ್ತಿ, ಸಣ್ಣ ಹಾಸಿಗೆ ಸುರುಳಿಯಂತೆ ಮಾಡಿ ತಂದಿದ್ದರು.

"ಅಕ್ಕಾ, ಕೌದಿ ಬಿಚ್ಚು. ಕೌದಿ ಮೇಲೆ ಬೆಲ್ಟ್ ಹಾಕಿದ್ರೆ ಒಳಗೆ ಕೂಸು ಸಡಿಲ ಇರುತ್ತೆ, ಜಾರಿಹೋಗುತ್ತೆ. ಮೊದಲು ಬೆಲ್ಟು, ಮೇಲೆ ಕೌದಿ."

ಗುರುಶಾಂತಮ್ಮ ಕೂಸನ್ನು ಸೀಟಲ್ಲಿ ಮಲಗಿಸಿದಳು. ಬೆಲ್ಟನ್ನು ಮಾತ್ರ ನೀಲಾಂಬಿಕಳಿಗೇ ಬಿಟ್ಟಳು. ಬೆಲ್ಟು ಮುಟ್ಟೋದಕ್ಕೆ ಅಡ್ಡಿಯಿಲ್ಲ, ಬೆಲ್ಟಿಗೆ ದೃಷ್ಟಿ ತಾಗೋದಿಲ್ಲ. ಎರಡು ಭುಜದ ಮೇಲಿಂದ ಪಟ್ಟಿ ತಂದು ನಡುವೆ ಕೆಂಪು ಗುಂಡಿಯ ಕೊಂಡಿಗೆ ಸಿಕ್ಕಿಸಿದಳು. ಬಿಗಿದಳು. ಭುಜದ ಹತ್ತಿರ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ ನೋಡಿದಳು, ಚಿವುಟೋಕೆ ಬರಲಿಲ್ಲ. ಸರಿಯಾಗಿದೆ. ಅಷ್ಟು ಹತ್ತಿರದಿಂದ ಕೂಸಿನ ಉಸಿರು ಅವಳ ಮಣಿಕಟ್ಟಿಗೆ ತಾಗುತ್ತಿತ್ತು. ಹಾಲಿನ ವಾಸನೆ, ಲೋಬಾನದ ವಾಸನೆ. ಅಕ್ಕಿ ಚೀಲಕ್ಕೆ ಇದೆಲ್ಲ ಇರಲಿಲ್ಲ.

ಧನ್ಯಾಳ ಉಡಿಗೆ ಅಕ್ಕಿ, ಕೊಬ್ಬರಿ, ತೆಂಗಿನಕಾಯಿ ತುಂಬಿದರು. "ಕಾಯಿ ಕೆಳಗಿಡೇ ಧನ್ಯಾ, ಬ್ರೇಕ್ ಹಾಕಿದ್ರೆ ಹಾರಿ ಬರುತ್ತೆ" ಅನ್ನೋದಕ್ಕೆ ನೀಲಾಂಬಿಕ ಬಾಯಿ ತೆರೆದಳು. ಒಂದು ದಿನಕ್ಕೆ ಇಷ್ಟು ಗೆಲುವು ಸಾಕು ಅಂತ ಮುಚ್ಚಿಕೊಂಡಳು.

ಧನ್ಯಾ ಹತ್ತಿದಳು, ಗುರುಶಾಂತಮ್ಮ ಹತ್ತಿದಳು. ನೀಲಾಂಬಿಕ ಹತ್ತಲು ಹೋದಳು. ಜಾಗವಿಲ್ಲ.

ಹಿಂದೆ ಮೂವರು ಕೂರೋ ಜಾಗ. ಒಂದು ಕೂಸಿನ ಸೀಟು, ಇಬ್ಬರು ಹೆಂಗಸರು. ಕೂಸಿನ ಕುತ್ತಿಗೆ, ಬ್ರೇಕು, ಕೌದಿ, ತೆಂಗಿನಕಾಯಿ ಎಲ್ಲ ಯೋಚಿಸಿದ ಮಹಾ ಬುದ್ಧಿವಂತೆಗೆ ಇದೊಂದು ಹೊಳೆದಿರಲಿಲ್ಲ. ಎಲ್ಲರೂ ಅವಳನ್ನು ನೋಡಿದರು, ಅವಳು ಸೀಟನ್ನು ನೋಡಿದಳು.

"ನೀನು ಬಸ್ಸಲ್ಲಿ ಬಾರೆ ನೀಲಾ" ಅಂದಳು ಗುರುಶಾಂತಮ್ಮ. "ಹೆಂಗೂ ಡಿಕ್ಕಿ ತುಂಬಿದೆ. ಈ ಚಕ್ಕುಲಿ ಡಬ್ಬ ತಗೊಂಡು ಬಾ."

ಕಾರು ಹೊರಟಿತು. ನಿಂಬೆಹಣ್ಣು ಪಚಕ್ಕೆಂದಿತು. ಹಿಂದಿನ ಗಾಜಿನಲ್ಲಿ ಅವಳಿಗೆ ಕೂಸಿನ ಕುಲಾವಿಯ ತುದಿ ಕೂಡ ಕಾಣಲಿಲ್ಲ. ಯಾರಿಗೂ ಕಾಣಲ್ಲ ಅಂತ ಅವಳೇ ಹೇಳಿದ್ದಳಲ್ಲ.

ಸೊರಬದ ಬಸ್ಸು ಸಿಕ್ಕಿತು, ಸೀಟೂ ಸಿಕ್ಕಿತು. ಡಬ್ಬವನ್ನು ತೊಡೆ ಮೇಲಿಟ್ಟುಕೊಂಡು ಕೂತಳು. ತೊಡೆ ಮೇಲೆ ಏನನ್ನೂ ಇಟ್ಟುಕೊಳ್ಳಬಾರದು ಅನ್ನೋ ತನ್ನದೇ ಪಾಠ ನೆನಪಾಗಿ ಕೆಳಗಿಟ್ಟು ಕಾಲಲ್ಲಿ ಒತ್ತಿ ಹಿಡಿದಳು. ಉಡುತಡಿ ಕಡೆಯ ಜನ ಹತ್ತಿದರು, ಇಳಿದರು. ಶಿರಾಳಕೊಪ್ಪದಲ್ಲಿ ಸಂತೆ, ಬಸ್ಸು ಇಂಚಿಂಚು ಸರಿಯಿತು. ಅಲ್ಲೊಂದು ಮನೆ ಮುಂದೆ ಯತೀಶನ ಕಾರು ನಿಂತಿತ್ತು. ನೆಂಟರು ಯಾರೋ ಕಿಟಕಿಯೊಳಗೆ ತಲೆ ಹಾಕಿ ಕೂಸನ್ನು ನೋಡುತ್ತಿದ್ದರು, ಸರ್ವಮಂಗಳಮ್ಮ ಕಾರಲ್ಲೇ ಕೂತು ಚಹಾ ಕುಡಿಯುತ್ತಿದ್ದರು. ಸದ್ಯ, ಕೂಸು ಸೀಟಲ್ಲೇ ಇತ್ತು. ಆಮೇಲೆ ಕಾರು ಬಸ್ಸನ್ನು ಹಿಂದೆ ಹಾಕಿ ಹೋಯಿತು.

ಸೊರಬ ಇನ್ನು ನಾಲ್ಕೈದು ಕಿಲೋಮೀಟರ್ ಇರುವಾಗ ಮೊಬೈಲ್ ಹೊಡೆದುಕೊಂಡಿತು. ಧನ್ಯಾ.

"ಚಿಕ್ಕಮ್ಮಾ, ಮನೆಗೆ ಬಂದ್ವಿ. ಬಾಗಿಲಲ್ಲೇ ನಿಂತಿದೀವಿ. ಇದನ್ನ ಬಿಚ್ಚೋದು ಹೆಂಗೆ? ಬರ್ತಿಲ್ಲ!"

ಹಿಂದಿನಿಂದ ಗಲಾಟೆ ಕೇಳಿಸುತ್ತಿತ್ತು. ಯತೀಶ ಒತ್ತಿದನಂತೆ, ಬರಲಿಲ್ಲವಂತೆ. ಗುಂಡಿ ಇರೋದು ಸರಿಯಾಗಿ ಕೂಸಿನ ಹೊಟ್ಟೆ ಮೇಲೆ. ಎಳೆ ಕೂಸಿನ ಹೊಟ್ಟೆ ಮೇಲೆ ಜೋರಾಗಿ ಒತ್ತೋ ಎದೆ ಯಾರಿಗಿದೆ? ಮುಟ್ಟಿದ ಹಾಗೆ ಮಾಡಿ ಎಲ್ಲರೂ ಕೈ ತೆಗೆದಿದ್ದರು. ಮೊಬೈಲಲ್ಲಿ ವೀಡಿಯೊ ಹಾಕಿದರೆ ಮೊದಲು ಅಡುಗೆ ಎಣ್ಣೆಯ ಜಾಹೀರಾತು ಬಂತಂತೆ. "ಕುಡುಗೋಲು ತಗೊಂಡ್ ಬನ್ನಿ, ಪಟ್ಟಿ ಕೊಯ್ದುಬಿಡೋಣ" ಅನ್ನೋ ಗಂಡು ದನಿಯೂ ಕೇಳಿಸಿತು. ಸರ್ವಮಂಗಳಮ್ಮ ಆರತಿ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದರು. ದೀಪ ಹಚ್ಚಿದ ತಟ್ಟೆ, ಕೆಳಗಿಡುವಂತಿಲ್ಲ. ಗಂಟೆ ಒಂದು ದಾಟಿತ್ತು.

ತಪ್ಪು ನೀಲಾಂಬಿಕಳದೇ. ಬಿಗಿಯೋದು ಹೇಗೆ ಅಂತ ಮೂರು ತಿಂಗಳು ಹೇಳಿದ್ದಳು, ಬಿಚ್ಚೋದು ಹೇಗೆ ಅಂತ ಒಂದು ಸಲವೂ ಹೇಳಿರಲಿಲ್ಲ. ಕೇಳಿದವರಾದರೂ ಯಾರು?

"ಕೂಸು ಎದ್ದಿದೆಯೇನೇ?"

"ಇಲ್ಲ, ನಿದ್ದೆ."

"ನೆರಳಲ್ಲಿದೆಯಾ ಕಾರು? ಬಾಗಿಲೆಲ್ಲ ತೆಗೆದಿದೆಯಾ?"

"ಹೂಂ. ಪೋರ್ಟಿಕೋದಲ್ಲಿದೆ, ಎಸಿನೂ ಹಾಕಿದೆ. ಹೇಳಿ ಚಿಕ್ಕಮ್ಮಾ!"

ಹೇಳೋದು ಎಷ್ಟಿತ್ತು? ಕೊಂಡಿಯ ಹಿಂದೆ ಎರಡು ಬೆರಳು ತೂರಿಸು, ಹೊಟ್ಟೆಗೆ ಒತ್ತೋದಿಲ್ಲ, ಹೆಬ್ಬೆರಳಲ್ಲಿ ಕೆಂಪು ಗುಂಡಿಯನ್ನ ಜೋರಾಗಿ ಅದುಮು. ಮುಗೀತು. ನಾಲ್ಕು ವರ್ಷ ಕೇಳದವರಿಗೆಲ್ಲ ಕರೆದು ಕರೆದು ಹೇಳಿದ್ದ ಹೆಂಗಸು. ಮೊದಲ ಸಲ ಒಬ್ಬರು ಬಾಯಿಬಿಟ್ಟು ಕೇಳಿದರು. ಅವಳ ನಾಲಿಗೆ ಏಳಲಿಲ್ಲ.

"ಫೋನಲ್ಲಿ ಹೇಳೋಕೆ ಬರಲ್ಲ ಧನ್ಯಾ" ಅಂದಳು. "ನಾನೇ ಬರಬೇಕು. ಐದು ನಿಮಿಷ. ಯಾರೂ ಪಟ್ಟಿ ಕೊಯ್ಯಬೇಡಿ. ಯಾರೂ ಮುಟ್ಟಬೇಡಿ."

ಯಾರೂ ಮುಟ್ಟಬೇಡಿ ಅಂದಳು! ಹೇಳಿದ ಮೇಲೆ ಅವಳಿಗೇ ಗಾಬರಿಯಾಯಿತು. ಐದು ನಿಮಿಷಕ್ಕೆ ಸೊರಬ ಬರಬೇಕಲ್ಲ. ಡ್ರೈವರ್ ಯಾರದೋ ಗದ್ದೆ ಬದುವಿನಲ್ಲಿ ಬಸ್ಸು ನಿಲ್ಲಿಸಿ ಒಂದು ಮೂಟೆ ಇಳಿಸಿಕೊಟ್ಟ, ಆ ಮೂಟೆಯ ಯಜಮಾನ ಕಂಡಕ್ಟರನ ಜೊತೆ ಚಿಲ್ಲರೆಗೆ ಜಗಳ ತೆಗೆದ. ಮತ್ತೆ ಫೋನು. ಈಗ ಹಿಂದಿನಿಂದ ಕೂಸಿನ ಅಳು ಕೇಳಿಸಿತು. ಎಂಥ ಕೆಲಸ ಮಾಡಿಬಿಟ್ಟೆ, ಥೂ! ತನಗೊಂದು ಸಲ ಎತ್ತಿಕೊಳ್ಳೋ ಆಸೆಗೆ ಅದನ್ನ ಕಟ್ಟಿಹಾಕಿಸಿ ಅಳಿಸುತ್ತಿದ್ದೇನಲ್ಲ, ಎಲ್ಲರೂ ಅಂದುಕೊಂಡ ಹಾಗೆ ನನ್ನ ಕಣ್ಣು ಕೆಟ್ಟದ್ದೇ ಇರಬೇಕು ಅಂದುಕೊಂಡಳು. ಹೇಳಿಬಿಡೋಣ ಅಂತ ಬಾಯಿ ತೆರೆಯುವಷ್ಟರಲ್ಲಿ ಸಿಗ್ನಲ್ ಹೋಗಿತ್ತು. ಬೇಡದ ಹೊತ್ತಲ್ಲಿ ಇದ್ದದ್ದು ಬೇಕಾದ ಹೊತ್ತಲ್ಲಿ ಹೋಯಿತು. "ಅಣ್ಣಾ, ಚಿಲ್ಲರೆ ನಾನು ಕೊಡ್ತೀನಿ, ಬಸ್ ಬಿಡ್ರೀ!" ಅಂತ ಕೂಗಿದಳು. ಬಸ್ಸಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಯತೀಶ ಸ್ಟ್ಯಾಂಡಿಗೇ ಬೈಕ್ ತಂದಿದ್ದ. ಮನೆ ಮುಂದೆ ಓಣಿಯ ಅರ್ಧ ಜನ ಸೇರಿದ್ದರು. ಚಕ್ಕುಲಿ ಡಬ್ಬವನ್ನು ಯಾರ ಕೈಗೋ ತುರುಕಿ ನೀಲಾಂಬಿಕ ಕಾರಿನೊಳಗೆ ಬಗ್ಗಿದಳು. ಕೂಸು ಕೆಂಪಗಾಗಿ, ಮುಷ್ಟಿ ಕಟ್ಟಿ ಅಳುತ್ತಿತ್ತು. ಕೌದಿ ಸರಿಸಿದಳು, ಕೊಂಡಿಯ ಹಿಂದೆ ಎರಡು ಬೆರಳು, ಮುಂದೆ ಹೆಬ್ಬೆರಳು. ಟಕ್. ಪಟ್ಟಿ ಎರಡು ಕಡೆಗೆ ಬಿತ್ತು. ಕುತ್ತಿಗೆ ಕೆಳಗೊಂದು ಕೈ, ಬೆನ್ನ ಕೆಳಗೊಂದು ಕೈ ಕೊಟ್ಟು ಎತ್ತಿ ಎದೆಗೆ ಒತ್ತಿಕೊಂಡು ಹೊರಗೆ ಬಂದಳು. ಅಕ್ಕಿ ಚೀಲಕ್ಕಿಂತ ಹಗುರ, ಅಕ್ಕಿ ಚೀಲಕ್ಕಿಂತ ಬಿಸಿ. ಕೂಸು ಅವಳ ಸೆರಗು ಹಿಡಿದು ಎರಡು ಸಲ ಬಿಕ್ಕಿ ಸುಮ್ಮನಾಯಿತು. ಹೊಸಬರನ್ನ ಕಂಡರೆ ಅಳುವ ಕೂಸು!

ಗುರುಶಾಂತಮ್ಮ ಎರಡೂ ಕೈ ಚಾಚಿ ಓಡಿಬಂದಳು. "ಕೊಡೇ ನೀಲಾ, ಕೊಡು, ಕೊಡು."

"ಒಂದೂ ಇಪ್ಪತ್ತೆಂಟು" ಅಂದ ಯಾರೋ.

"ಕೈ ಬದಲಾಯಿಸ್ತಾ ಕೂರೂಕೆ ಹೊತ್ತಿಲ್ಲ" ಅಂದರು ಸರ್ವಮಂಗಳಮ್ಮ ಹೊಸ್ತಿಲಿಂದ. "ಧನ್ಯಾ, ಅವರ ಪಕ್ಕ ನಿಲ್ಲು. ನೀಲಾಂಬಿಕಾರೇ, ಹಂಗೇ ನಿಂತ್ಕೊಳ್ಳಿ."

ಬಾಣಂತಿಗೆ, ಕೂಸಿಗೆ, ಕೂಸನ್ನು ಎತ್ತಿಕೊಂಡವಳಿಗೆ, ಮೂವರಿಗೂ ಸೇರಿಸಿ ಆರತಿಯಾಯಿತು. ಬಲಗಾಲಿಟ್ಟು ಹೊಸ್ತಿಲು ದಾಟಿಸಿದ್ದು ನೀಲಾಂಬಿಕ. ಗುರುಶಾಂತಮ್ಮ ಚಾಚಿದ ಕೈ ಹಾಗೇ ಇಟ್ಟುಕೊಂಡು ಹಿಂದೆ ಬಂದಳು. ಆ ಹೊತ್ತಲ್ಲಿ ಒಲೆ ಮೇಲೆ ಹಾಲಿದೆ ಅಂತ ಹೇಳೋಕೆ ಅದು ಅವಳ ಅಡುಗೆಮನೆಯೂ ಅಲ್ಲ.

ಊಟವಾಗಿ ಎಲ್ಲರೂ ಎಲೆಅಡಿಕೆ ಹಾಕುತ್ತಿರುವಾಗ ಸರ್ವಮಂಗಳಮ್ಮ ಅವಳನ್ನು ಪೋರ್ಟಿಕೋಗೆ ಕರೆದರು. ಕಾರಿನ ಬಾಗಿಲು ತೆಗೆದು "ಅದೆಂತ ಗುಂಡಿ, ತೋರಿಸಿ" ಅಂದರು.

ನೀಲಾಂಬಿಕ ಕೊಂಡಿ ಹಾಕಿ, ಬೆರಳಿಟ್ಟು, ಅದುಮಿ ತೋರಿಸಿದಳು. ಟಕ್.

"ಇಷ್ಟೇಯಾ?"

"ಇಷ್ಟೇ ಅಕ್ಕಾರೇ."

"ಇದನ್ನ ಫೋನಲ್ಲೇ ಹೇಳಬಹುದಿತ್ತಲ್ದ?"

ಒಂದು ಗಳಿಗೆ ಸುಳ್ಳು ಬಾಯಿಗೆ ಬಂತು. ಸಿಗ್ನಲ್ಲು, ಬಸ್ಸಿನ ಸದ್ದು, ಏನೇನೋ. "ಹೇಳಬಹುದಿತ್ತು" ಅಂದಳು. "ಹೇಳಲಿಲ್ಲ. ಮೂರು ತಿಂಗಳಿಂದ ಒಂದ್ಸಲ ಎತ್ಕೋಬೇಕು ಅಂತಿತ್ತು ಅಕ್ಕಾರೇ. ಕೂಸು ಅತ್ತಿದ್ದು ನನ್ನಿಂದಲೇ. ತಪ್ಪಾಯ್ತು."

ಸರ್ವಮಂಗಳಮ್ಮ ಎಲೆಅಡಿಕೆ ಅಗಿಯುತ್ತಾ ಸೀಟನ್ನೇ ನೋಡುತ್ತಿದ್ದರು. ಸುಮ್ಮನಿರಲಾರದೆ ನೀಲಾಂಬಿಕ ಮತ್ತೆ ಕೊಂಡಿ ಸಿಕ್ಕಿಸಿದಳು. ಎಷ್ಟಾದರೂ ಹುಟ್ಟುಗುಣ, ಪಾಠ ಹೇಳದಿದ್ದರೆ ಉಣ್ಣೋ ಅನ್ನ ಇಳಿಯೋದಿಲ್ಲ. "ನೀವೂ ಕಲೀರಿ. ಮನೇಲಿ ಎಲ್ಲರಿಗೂ ಬರಬೇಕು. ಇವತ್ತಿನ ಹಂಗೆ ಇನ್ನೊಂದ್ಸಲ ಆಗಬಾರದು. ಇಲ್ಲಿ ಎರಡು ಬೆರಳು, ಇಲ್ಲಿ ಹೆಬ್ಬೆರಳು. ಒತ್ತಿ."

ಸರ್ವಮಂಗಳಮ್ಮ ಒತ್ತಿದರು. ಬರಲಿಲ್ಲ.

"ಇನ್ನೂ ಜೋರಾಗಿ."

ಒತ್ತಿದರು. ಬರಲಿಲ್ಲ.

"ಹೋಗಲಿ ಬಿಡು" ಅಂದರು. ಬೆಳಿಗ್ಗೆಯಿಂದ 'ನೀವು' ಆಗಿದ್ದವಳು 'ನೀನು' ಆಗಿದ್ದಳು. "ನನ್ನ ಕೈಲಾಗಲ್ಲ ಮಾರಾಯ್ತಿ. ವಯಸ್ಸಾಯ್ತು. ಬರೂ ಗುರುವಾರ ಕೂಸಿಗೆ ಸೂಜಿ ಹಾಕ್ಸೂಕೆ ಆಸ್ಪತ್ರೆಗೆ ಹೋಗಬೇಕು. ನೀನೇ ಬರಬೇಕು. ಎತ್ತೂಕೆ, ಇಳಿಸೂಕೆ ಯಾರಿದಾರೆ?"

ನೀಲಾಂಬಿಕ ಬಗ್ಗಿ ನೋಡಿದಳು. ದಿನಕ್ಕೆರಡು ಹೊತ್ತು ಎಮ್ಮೆ ಕರೆಯುವ, ಬೆಳಿಗ್ಗೆ ಚಕ್ಕುಲಿ ಡಬ್ಬದ ಮುಚ್ಚಳವನ್ನು ಕಿತ್ತಿದ್ದ ಆ ಹೆಬ್ಬೆರಳು ಕೆಂಪು ಗುಂಡಿಯ ಮೇಲೆ ಸುಮ್ಮನೆ ಕೂತಿತ್ತು.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಎಷ್ಟು ಗಂಟೆಗೆ ಬರಲಿ ಅಕ್ಕಾರೇ?" ಅಂದಳು.